ಇರೋದು ಎರಡೇ ಸ್ಪೀಕರ್: ಸೌಂಡ್ ಕಾರ್ಡ್ ಒಳಗಿನದೋ, ಹೊರಗಿನದೋ?

ಕುಂದವಾಡ ದಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮನೇಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಹೋದ ತಿಂಗಳು ಅದಕ್ಕೆ ಒಂದು ಜೊತೆ ಪವರ್ಡ್ ಸ್ಪೀಕರ್ ತಗೊಂಡೆ. ನಾಲ್ಕು ಇಂಚಿನ ವೂಫರ್, ಹಿಂದೆ ಆರ್‌ಸಿಎ (ಕೆಂಪು-ಬಿಳಿ ಆಡಿಯೋ ಜ್ಯಾಕ್) ಇದೆ, ದಪ್ಪ ಕಾಲಿಂಚಿನ ಜ್ಯಾಕ್ ಎರಡಿವೆ, ಕರೆಂಟಿಗೆ ಮೂರು ಪಿನ್ನಿನ ವೈರು. ಮದರ್‌ಬೋರ್ಡಿನ ಹಿಂದಿರೋ ಹಸಿರು ಜ್ಯಾಕಿಂದ ಆರ್‌ಸಿಎಗೆ ಕೊಟ್ಟಿದೀನಿ. ಹಾಡು ಹಾಕಿದಾಗ ಚೆನ್ನಾಗೇ ಇದೆ. ನಿಲ್ಲಿಸಿದ ಮೇಲೆ ಶುರು: ಒಂದೇ ಸಮನೆ ಗುಂಯ್, ಅದರ ಮೇಲೆ ಮೌಸ್ ಅಲ್ಲಾಡಿಸಿದಾಗೆಲ್ಲ ಚಿರ್ ಚಿರ್. ಮಗ ಗೇಮ್ ಹಾಕಿದ್ರೆ ಕೀರಲು ಇನ್ನೂ ಜಾಸ್ತಿ.

ಕಂಪ್ಯೂಟರ್ ಅಂಗಡಿಯವರು "ಆನ್‌ಬೋರ್ಡ್ ಸೌಂಡ್ ಅಂದ್ರೆ ಹಂಗೇ ಸಾರ್, ಒಂದು 7.1 ಸೌಂಡ್ ಕಾರ್ಡ್ ಹಾಕಿಸಿಬಿಡಿ" ಅಂದ್ರು. ನನಗಿರೋದು ಎರಡು ಸ್ಪೀಕರ್, ಮತ್ತೆ ಎರಡೇ ಕಿವಿ. 7.1 ಅಂದ್ರೆ ಎಂಟು ಸ್ಪೀಕರಿಗೆ ಆಗೋದು, ಅದನ್ನ ತಗೊಂಡು ಏನು ಮಾಡಲಿ? ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ, ಭಾವಗೀತೆ, ರಾತ್ರಿ ಒಂದೊಂದು ಸಿನಿಮಾ. ಹತ್ತು ಸಾವಿರದವರೆಗೆ ಹಾಕಬಹುದು. ಒಳಗಡೆ ಸ್ಲಾಟಿಗೆ ಕೂರಿಸೋ ಕಾರ್ಡ್ ಒಳ್ಳೇದೋ, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನ ಸ್ಪೀಕರಿಗೆ ಬೇಕಾದ ಸಿಗ್ನಲ್ ಮಾಡೋ ಹೊರಗಿನ ಡಬ್ಬಿ) ಒಳ್ಳೇದೋ? ಮಾಡೆಲ್ ಹೆಸರು ಹೇಳಿದ್ರೆ ಉಪಕಾರ.

ಬೆಸುಗೆ ಕಡ್ಡಿ, ತುಮಕೂರು

ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ ಸಾರ್. ಶಬ್ದ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಕಾರ್ಡ್ ಹಾಕಿಸಿದ್ರೆ, ಹೊಸ ಕಾರ್ಡಿನ ಮೂಲಕ ಅದೇ ಹಳೆ ಗುಂಯ್ ಕೇಳ್ತೀರ.

ಹೀಗೆ ಮಾಡಿ. ಸ್ಪೀಕರ್ ಕಡೆಯಿಂದ ಕೇಬಲ್ ಕಿತ್ತು ಖಾಲಿ ಬಿಡಿ. ಆಗಲೂ ಗುಂಯ್ ಅಂದ್ರೆ ಅದು ಸ್ಪೀಕರಿನದೇ, ಕಂಪ್ಯೂಟರಿಗೆ ಸಂಬಂಧ ಇಲ್ಲ. ನಿಂತುಹೋದ್ರೆ ಮತ್ತೆ ಕೇಬಲ್ ಹಾಕಿ, ಇನ್ನೊಂದು ತುದಿಯನ್ನ ಕಂಪ್ಯೂಟರ್ ಬದಲು ಚಾರ್ಜರ್ ಹಾಕದ ಲ್ಯಾಪ್‌ಟಾಪಿಗೆ ಕೊಟ್ಟು ನೋಡಿ. ಕೊನೇದು ಮುಖ್ಯ: ಕಂಪ್ಯೂಟರಿನ ಅದೇ ಹಸಿರು ಜ್ಯಾಕಿಗೆ ನೇರವಾಗಿ ಇಯರ್‌ಫೋನ್ ಸಿಕ್ಕಿಸಿ, ಹಾಡು ನಿಲ್ಲಿಸಿ, ಮೌಸ್ ಅಲ್ಲಾಡಿಸಿ. ಇಯರ್‌ಫೋನಲ್ಲೂ ಚಿರ್ ಚಿರ್ ಕೇಳಿದ್ರೆ ಬೋರ್ಡಿನ ಸೌಂಡೇ ಗಲೀಜು, ಆಗ ಡ್ಯಾಕ್ ತಗೊಳ್ಳೋದು ಸರಿ. ಇಯರ್‌ಫೋನಲ್ಲಿ ನಿಶ್ಶಬ್ದ, ಸ್ಪೀಕರಲ್ಲಿ ಮಾತ್ರ ಗಲಾಟೆ ಅಂದ್ರೆ ಅದು ಗ್ರೌಂಡ್ ಲೂಪ್, ಎರಡು ಅರ್ಥ್ ದಾರಿ ಸೇರಿ ಆಗೋ ಉಂಗುರದ ತೊಂದರೆ. ಅದಕ್ಕೆ ಮದ್ದು ಬೇರೆ.

ಇನ್ನೊಂದು, ಮುಂದಿನ ಪ್ಯಾನೆಲ್ ಜ್ಯಾಕಲ್ಲಿ ಪರೀಕ್ಷೆ ಮಾಡಬೇಡಿ. ಅದರ ವೈರು ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಹಾದು ಬರುತ್ತೆ, ದಾರಿಯಲ್ಲಿರೋ ಗಲಾಟೆನೆಲ್ಲ ಹೊತ್ಕೊಂಡು ಬರುತ್ತೆ.

ಸಾಧನಕೇರಿಯವ, ಧಾರವಾಡ

ಪರೀಕ್ಷೆ ಗಿರೀಕ್ಷೆ ಇರಲಿ ಬಿಡ್ರಿ. ಕಾರ್ಡ್ ಅಂದ್ರ ಕಾರ್ಡ್. ನಮ್ಮ ಕಾಲದಾಗ ಸೌಂಡ್ ಬ್ಲಾಸ್ಟರ್ ಇಲ್ಲದ ಕಂಪ್ಯೂಟರ್ ಮೂಕ ಇತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಾಗ ಮೊದಲನೇ ಸೌಂಡ್ ಬ್ಲಾಸ್ಟರ್ ತಂತು. 1998ರಾಗ ಬಂದ ಲೈವ್ ಕಾರ್ಡ್ ಹಾಕಿಸಿದ ದಿವಸ ನಮ್ಮ ಓಣಿ ಮಂದಿ ಎಲ್ಲಾ ಬಂದು ಕೇಳಿ ಹೋದ್ರು. ಆಮ್ಯಾಲೆ ಆಡಿಜಿ, 2005ರಾಗ ಎಕ್ಸ್-ಫೈ. ಈಗ ನನ್ನ ಕಡೆ ಏಸಸ್ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್ ಐತಿ. 2009ರ ಕಾರ್ಡ್, ಬರ್-ಬ್ರೌನ್ ಪಿಸಿಎಂ 1792ಎ ಚಿಪ್, ಆಪ್‌ಆಂಪ್ (ಸಿಗ್ನಲ್ ದೊಡ್ಡದು ಮಾಡೋ ಸಣ್ಣ ಚಿಪ್) ಕಿತ್ತು ಬ್ಯಾರೆ ಹಾಕಬಹುದು. ಮ್ಯಾಲೆ ತಗಡಿನ ಕವಚ, ಪವರ್ ಸಪ್ಲೈಯಿಂದ ಸ್ವಂತ ವೈರು. ಇಂಥಾದ್ದು ಸೆಕೆಂಡ್ ಹ್ಯಾಂಡ್ ಸಿಕ್ಕರ ಬಿಡಬ್ಯಾಡ್ರಿ. ಯುಎಸ್‌ಬಿ ಡಬ್ಬಿ ಮೇಜಿನ ಮ್ಯಾಲೆ ಇಟ್ಕೊಂಡು ವೈರಿನ ಸಂತಿ ಮಾಡೋದು ಯಾಕ?

ಹಳೆ ಕ್ಯಾಸೆಟ್, ಮೈಸೂರು

ಎಸೆನ್ಸ್ ಒಳ್ಳೆಯ ಕಾರ್ಡೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಲೈವ್ ಕಾರ್ಡಿನ ನೆನಪಿನ ಮೇಲೆ ಇವತ್ತಿನ ಸಲಹೆ ಕೊಡುವುದು ಸರಿಯಲ್ಲ. ಲೈವ್ ಒಳಗೆ ಎಲ್ಲವೂ 48 ಕಿಲೋಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ ಶಬ್ದದ 48 ಸಾವಿರ ಮಾದರಿಗಳ ಲೆಕ್ಕದಲ್ಲಿ, ಓಡುತ್ತಿತ್ತು. ಸಿಡಿ ಇರುವುದು 44.1ರಲ್ಲಿ. ಹಾಗಾಗಿ ಹಾಕಿದ ಪ್ರತಿಯೊಂದು ಸಿಡಿ ಹಾಡೂ ಅಲ್ಲಿ ಪರಿವರ್ತನೆಯಾಗಿಯೇ ಹೊರಬರುತ್ತಿತ್ತು, ಆ ಪರಿವರ್ತನೆ ಅಷ್ಟೇನೂ ಚೆನ್ನಾಗಿರಲಿಲ್ಲ. ಆಗಿನ ಅಗ್ಗದ ಆನ್‌ಬೋರ್ಡ್ ಸೌಂಡ್ ಇನ್ನೂ ಕೆಟ್ಟದಾಗಿತ್ತು, ಅದಕ್ಕೆ ಕಾರ್ಡು ಹಾಕಿದ ಕೂಡಲೇ ಓಣಿಯವರೆಲ್ಲ ಬಂದದ್ದು.

ಕಾರ್ಡುಗಳಿಗೆ ಬೆಲೆ ಇದ್ದದ್ದು ಮುಖ್ಯವಾಗಿ ಗೇಮ್‌ಗಳಿಂದ. ಶಬ್ದದ ಲೆಕ್ಕಾಚಾರವನ್ನು ಪ್ರೊಸೆಸರ್ ಬದಲು ಕಾರ್ಡು ಮಾಡುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಡೈರೆಕ್ಟ್‌ಸೌಂಡಿನ (ಗೇಮ್‌ಗಳ ಶಬ್ದ ದಾಟಿಸುವ ವಿಂಡೋಸಿನ ಭಾಗ) ಆ ಹಾರ್ಡ್‌ವೇರ್ ದಾರಿಯನ್ನೇ ಮುಚ್ಚಿದರು. ಅಷ್ಟು ಹೊತ್ತಿಗೆ, 2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೋ ಎಂಬ ಆನ್‌ಬೋರ್ಡ್ ಸೌಂಡಿನ ಮಾನದಂಡ ಎಲ್ಲಾ ಬೋರ್ಡುಗಳಿಗೂ ಹಬ್ಬಿತ್ತು. ಈಗ ಸ್ವಲ್ಪ ಮೇಲಿನ ದರ್ಜೆಯ ಬೋರ್ಡುಗಳಲ್ಲಿ ಬರುವ ರಿಯಲ್‌ಟೆಕ್ ಎಎಲ್‌ಸಿ 1220 ಚಿಪ್ಪಿಗೆ ಕಂಪನಿ ಹೇಳಿಕೊಳ್ಳುವುದು ಹಾಡಿಗೂ ಹಿನ್ನೆಲೆಯ ಸದ್ದಿಗೂ ನಡುವೆ 120 ಡೆಸಿಬೆಲ್ ಅಂತರ. ಬೋರ್ಡಿನ ಮೇಲೆ ಕೂತ ಮೇಲೆ ಅಷ್ಟು ಸಿಗುವುದಿಲ್ಲ ಎನ್ನುವುದು ನಿಜ. ಸಿಕ್ಕಿದಷ್ಟೂ ಎರಡು ಸ್ಪೀಕರಿಗೆ ಧಾರಾಳವಾಯಿತು ಎನ್ನುವುದೂ ನಿಜ.

ಒಳಗಿನ ಕಾರ್ಡಿನ ಇನ್ನೊಂದು ತೊಂದರೆ ಅದು ಕೂರುವ ಜಾಗ. ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಸ್ಲಾಟಿನಲ್ಲಿ ಕೂತು ಸದ್ದಿಲ್ಲದ ಸಂಗೀತ ಕೊಡು ಎಂದರೆ, ಜಾತ್ರೆಯ ತೇರಿನ ಪಕ್ಕ ಕೂತು ಆಲಾಪ ಮಾಡು ಎಂದ ಹಾಗೆ. ಮಾಡುವವರಿದ್ದಾರೆ, ಎಸೆನ್ಸ್ ಅಂಥದ್ದೊಂದು. ಅಂಗಡಿಯವರು ತೋರಿಸುವ ಅಗ್ಗದ 7.1 ಕಾರ್ಡುಗಳಿಂದ ಅದನ್ನು ನಿರೀಕ್ಷಿಸಬೇಡಿ.

ಕಡಲ ಕಿವಿ, ಮಂಗಳೂರು

ಇಷ್ಟೆಲ್ಲ ತಲೆಬಿಸಿ ಎಂತಕ್ಕೆ ಮಾರಾಯ್ರೆ? ಆಪಲ್‌ನವರ ಸಣ್ಣ ಯುಎಸ್‌ಬಿ-ಸಿ ಡಾಂಗಲ್ ಉಂಟಲ್ಲ, ಹೆಡ್‌ಫೋನಿಗೆ ಹಾಕುವಂಥದ್ದು, ಅದನ್ನೇ ತಗೊಂಡು ಕಂಪ್ಯೂಟರಿಗೆ ಸಿಕ್ಕಿಸಿ. ಗುಲಗಂಜಿ ಗಾತ್ರದ್ದು, ಆದರೆ ಅಳತೆ ಮಾಡಿದವರೆಲ್ಲ ಹೊಗಳಿದ್ದಾರೆ. ನಾನು ಅದರಿಂದಲೇ ಸ್ಪೀಕರಿಗೆ ಕೊಟ್ಟಿದ್ದೇನೆ, ಸಾಕಾಗ್ತದೆ. ಉಳಿದ ದುಡ್ಡಲ್ಲಿ ಬಂಗುಡೆ ತಿನ್ನಿ.

ಫಿಲ್ಟರ್ ಕಾಫಿ, ಫ್ರಾಂಕ್‌ಫರ್ಟ್

ಡಾಂಗಲ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಅಮೆರಿಕದಲ್ಲಿ ಮಾರುವ ಮಾದರಿ ಸುಮಾರು 1 ವೋಲ್ಟ್ ಕೊಡುತ್ತದೆ, ಇಲ್ಲಿ ಯುರೋಪಿನದು ಅರ್ಧ ವೋಲ್ಟ್ ಮಾತ್ರ. ಆದ್ದರಿಂದ ವಿದೇಶದಿಂದ ಯಾರ ಕೈಲಾದರೂ ತರಿಸುವವರು ಯಾವ ದೇಶದಿಂದ ಅಂತ ನೋಡಿಕೊಳ್ಳಿ. ಸಾಮಾನ್ಯ ಸಿಡಿ ಪ್ಲೇಯರ್ ಅಥವಾ ಮೇಜಿನ ಮೇಲಿನ ಡ್ಯಾಕ್ 2 ವೋಲ್ಟ್ ಕೊಡುತ್ತದೆ. ಡಾಂಗಲ್ ಹಾಕಿದರೆ ಸ್ಪೀಕರಿನ ನಾಬ್ ಸ್ವಲ್ಪ ಮೇಲೆ ತಿರುಗಿಸಬೇಕಾಗುತ್ತದೆ, ಅದರ ಜೊತೆ ಸ್ಪೀಕರಿನ ಸ್ವಂತ ಹಿಸ್ (ಸುಯ್ ಸದ್ದು) ಕೂಡ ಮೇಲೆ ಬರುತ್ತದೆ.

ಬೆಸುಗೆ ಕಡ್ಡಿ, ತುಮಕೂರು

ಕಡಲ ಕಿವಿಯವರೇ, ನಿಮ್ಮದು ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ಡಾಂಗಲ್ ಆಗಲಿ ಐವತ್ತು ಸಾವಿರದ ಡ್ಯಾಕ್ ಆಗಲಿ, ಯುಎಸ್‌ಬಿ ವೈರಿನ ಗ್ರೌಂಡ್ ಕಂಪ್ಯೂಟರಿನ ಗ್ರೌಂಡಿಗೇ ಸೇರಿರುತ್ತೆ. ಗ್ರೌಂಡ್ ಲೂಪ್ ಇದ್ರೆ ಸಾಮಾನ್ಯ ಯುಎಸ್‌ಬಿ ಡ್ಯಾಕ್ ಅದನ್ನ ಕಡಿಯಲ್ಲ. ಇದನ್ನ ಯಾವ ಅಂಗಡಿಯವನೂ ಹೇಳಲ್ಲ. ಜನ ಡ್ಯಾಕ್ ತಗೊಂಡು ಬಂದು "ಇನ್ನೂ ಗುಂಯ್ ಅಂತಿದೆ" ಅಂತ ನನ್ನ ಟೇಬಲ್ ಮುಂದೆ ನಿಲ್ತಾರೆ.

ಕಡಲ ಕಿವಿ, ಮಂಗಳೂರು

ಲ್ಯಾಪ್‌ಟಾಪ್. ಎರಡು ಪಿನ್ನಿನ ಚಾರ್ಜರ್, ಅರ್ಥ್ ಇಲ್ಲ. ಸರಿ, ಗೊತ್ತಾಯ್ತು.

ಕುಂದವಾಡ ದಂಡೆ, ದಾವಣಗೆರೆ

ಪರೀಕ್ಷೆ ಮಾಡಿದೆ. ಕೇಬಲ್ ಕಿತ್ತರೆ ಸ್ಪೀಕರ್ ಸುಮ್ಮನಿದೆ, ಟ್ವೀಟರಿಗೆ (ಮೇಲಿನ ಸ್ವರ ನುಡಿಸೋ ಸಣ್ಣ ಭಾಗ) ಕಿವಿ ಹಚ್ಚಿದ್ರೆ ಮಾತ್ರ ಸಣ್ಣ ಸುಯ್. ಹೆಂಡತಿಯ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದ್ದಾಗ ಪೂರ್ತಿ ನಿಶ್ಶಬ್ದ. ಅದಕ್ಕೆ ಚಾರ್ಜರ್ ಹಾಕಿದ ಕೂಡಲೇ (ಮೂರು ಪಿನ್ನಿಂದು) ಗುಂಯ್ ವಾಪಸ್! ಡೆಸ್ಕ್‌ಟಾಪಿನ ಹಸಿರು ಜ್ಯಾಕಿಗೆ ಇಯರ್‌ಫೋನ್ ಹಾಕಿದ್ರೆ ಏನೂ ಇಲ್ಲ, ಮೌಸ್ ಎಷ್ಟು ಎಳೆದಾಡಿದ್ರೂ ಇಲ್ಲ. ಹಾಗಾದ್ರೆ ನನ್ನ ಬೋರ್ಡಿನ ಸೌಂಡ್ ಚೆನ್ನಾಗಿದೆ ಅಂತಾನಾ?

ಬೆಸುಗೆ ಕಡ್ಡಿ, ತುಮಕೂರು

ಚೆನ್ನಾಗೇ ಇದೆ. ಅಪರಾಧಿ ಸಿಕ್ಕಿಬಿದ್ದ. ಕಂಪ್ಯೂಟರ್ ಯಾವ ಪ್ಲಗ್ಗಲ್ಲಿದೆ, ಸ್ಪೀಕರ್ ಯಾವ ಪ್ಲಗ್ಗಲ್ಲಿದೆ?

ಕುಂದವಾಡ ದಂಡೆ, ದಾವಣಗೆರೆ

ಕಂಪ್ಯೂಟರ್ ಯುಪಿಎಸ್ಸಲ್ಲಿ, ಆ ಯುಪಿಎಸ್ ಕಿಟಕಿ ಪಕ್ಕದ ಸಾಕೆಟ್ಟಲ್ಲಿ. ಸ್ಪೀಕರ್ ಎದುರು ಗೋಡೆಯ ಸಾಕೆಟ್ಟಿಂದ ಎಕ್ಸ್‌ಟೆನ್ಷನ್ ಎಳೆದು ಕೊಟ್ಟಿದೀನಿ.

ಬೆಸುಗೆ ಕಡ್ಡಿ, ತುಮಕೂರು

ಅದೇ ಮತ್ತೆ. ಎರಡು ಗೋಡೆಯ ಎರಡು ಸಾಕೆಟ್, ಎರಡರ ಅರ್ಥ್ ವೈರೂ ಬೇರೆ ಬೇರೆ ದಾರಿ ಹಿಡಿದು ಹೋಗಿ ಬೋರ್ಡಲ್ಲಿ ಸೇರುತ್ತೆ. ಈ ಕಡೆ ಆಡಿಯೋ ಕೇಬಲ್ಲಿನ ಹೊರಗಿನ ಜಾಲರಿ ಕಂಪ್ಯೂಟರಿನ ಬಾಡಿಯನ್ನೂ ಸ್ಪೀಕರಿನ ಬಾಡಿಯನ್ನೂ ಸೇರಿಸುತ್ತೆ. ಒಂದು ದೊಡ್ಡ ಉಂಗುರ ಆಯ್ತಲ್ಲ, ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತೆ. 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟುಗಳು ಗುಂಯ್ ಆಗಿ ಕೇಳುತ್ತೆ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎಳೆಯೋ ಕರೆಂಟಿನ ಏರಿಳಿತವೂ ಅದೇ ಉಂಗುರದಲ್ಲಿ ನುಗ್ಗಿ ಚಿರ್ ಚಿರ್ ಆಗುತ್ತೆ. ಆರ್‌ಸಿಎ ಕೇಬಲ್ಲಲ್ಲಿ ಸಿಗ್ನಲ್ ವಾಪಸ್ ಬರೋ ದಾರಿಯೂ ಆ ಜಾಲರಿನೇ ಆಗಿರೋದ್ರಿಂದ, ಕೊಳೆ ಯಾವುದು ಹಾಡು ಯಾವುದು ಅಂತ ಸ್ಪೀಕರಿಗೆ ಗೊತ್ತಾಗಲ್ಲ. ಇಯರ್‌ಫೋನಿಗೆ ಅರ್ಥ್ ಇಲ್ಲ, ಉಂಗುರ ಮುಚ್ಚಲ್ಲ, ಅದಕ್ಕೇ ಅಲ್ಲಿ ನಿಶ್ಶಬ್ದ.

ಮೊದಲ ಕೆಲಸ: ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ. ಮಾನಿಟರ್ ಕೂಡ ಅಲ್ಲಿಗೇ. ಖರ್ಚು ಸೊನ್ನೆ.

ಜವಾರಿ ಪ್ಲಗ್, ವಿಜಯಪುರ

ಇಷ್ಟಕ್ಕ ಯಾಕ ಗುದ್ದಾಡ್ತೀರಿ. ಸ್ಪೀಕರ್ ಪ್ಲಗ್ಗಿನ ಮ್ಯಾಲಿನ ದಪ್ಪ ಪಿನ್ ಕಿತ್ತು ಒಗೀರಿ, ಗುಂಯ್ ಬಂದ್. ನಾ ಎಲ್ಲಾದಕ್ಕೂ ಹಂಗ ಮಾಡೀನಿ.

ಬೆಸುಗೆ ಕಡ್ಡಿ, ತುಮಕೂರು

ದಯವಿಟ್ಟು ಯಾರೂ ಇದನ್ನ ಮಾಡಬೇಡಿ. ಗುಂಯ್ ನಿಲ್ಲುತ್ತೆ, ಒಪ್ಪಿದೆ. ಆದರೆ ಆ ಪಿನ್ ಇರೋದು ಒಳಗೆ ಫೇಸ್ ವೈರು ಸಡಿಲವಾಗಿ ಬಾಡಿಗೆ ತಾಗಿದಾಗ ಕರೆಂಟ್ ನೆಲಕ್ಕೆ ಹೋಗಿ ಫ್ಯೂಸೋ ಎಂಸಿಬಿಯೋ ಬೀಳಲಿ ಅಂತ. ಪಿನ್ ಕಿತ್ತ ಮೇಲೆ ಹಾಗೆ ತಾಗಿದ್ರೆ ಬಾಡಿ ಪೂರ್ತಿ 230 ವೋಲ್ಟಲ್ಲಿ ನಿಂತಿರುತ್ತೆ, ಎಂಸಿಬಿ ಬೀಳಲ್ಲ. ಅದರ ಮೇಲೆ ಆಡಿಯೋ ಕೇಬಲ್ ಮೂಲಕ ಕಂಪ್ಯೂಟರಿನ ಬಾಡಿಗೂ ಆ ವೋಲ್ಟೇಜ್ ದಾಟೋಕೆ ದಾರಿ ಇದೆ. ಮನೇಲಿ ಮಕ್ಕಳಿದಾರೆ ಅಂದ್ರಲ್ಲ ದಾವಣಗೆರೆಯವರು. ಜವಾರಿ ಪ್ಲಗ್ ಅವರೇ, ನಿಮ್ಮನೇಲಿ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬೀಳೋ ಸ್ವಿಚ್) ಇಲ್ಲದಿದ್ರೆ ಮೊದಲು ಹಾಕಿಸಿ, ಕಿತ್ತ ಪಿನ್ನುಗಳನ್ನೆಲ್ಲ ವಾಪಸ್ ಹಾಕಿಸಿ.

ಜವಾರಿ ಪ್ಲಗ್, ವಿಜಯಪುರ

ಬೈಬ್ಯಾಡ್ರಿ ಸರ, ಹಾಕಸ್ತೀನಿ.

ಮಿಕ್ಸರ್ ಮೇಜು, ಬೆಂಗಳೂರು

ಸಣ್ಣ ರೆಕಾರ್ಡಿಂಗ್ ಕೋಣೆ ನಡೆಸ್ತೀನಿ, ನನ್ನ ದಿನಗೆಲಸವೇ ಇದು. ದಾವಣಗೆರೆಯವರ ಸ್ಪೀಕರಲ್ಲಿ ಕಾಲಿಂಚಿನ ಜ್ಯಾಕ್ ಇದೆ ಅಂದ್ರಲ್ಲ, ಅದು ಬ್ಯಾಲೆನ್ಸ್‌ಡ್ ಇನ್‌ಪುಟ್ ಆಗಿದ್ರೆ ಅದೇ ನಿಮಗೆ ಸಿಕ್ಕ ಚಿನ್ನ. ಕೈಪಿಡಿಯಲ್ಲಿ "ಟಿಆರ್‌ಎಸ್ ಬ್ಯಾಲೆನ್ಸ್‌ಡ್" ಅಂತ ಬರೆದಿದೆಯಾ ನೋಡಿ. ಟಿಆರ್‌ಎಸ್ ಅಂದ್ರೆ ಮೂರು ಸಂಪರ್ಕದ ಪಿನ್.

ಬ್ಯಾಲೆನ್ಸ್‌ಡ್ ಅಂದ್ರೆ ಒಂದು ಚಾನೆಲ್ಲಿಗೆ ಎರಡು ಸಿಗ್ನಲ್ ವೈರು. ಒಂದರಲ್ಲಿ ಹಾಡು ಇದ್ದಂತೆ, ಇನ್ನೊಂದರಲ್ಲಿ ಅದೇ ಹಾಡು ತಲೆಕೆಳಗಾಗಿ. ದಾರಿಯಲ್ಲಿ ಬರೋ ಗುಂಯ್ ಎರಡೂ ವೈರಿಗೆ ಒಂದೇ ರೀತಿ ಹತ್ತಿಕೊಳ್ಳುತ್ತೆ. ಸ್ಪೀಕರ್ ಎರಡರ ವ್ಯತ್ಯಾಸವನ್ನ ಮಾತ್ರ ತಗೊಳ್ಳುತ್ತೆ, ಹಾಡು ಉಳಿಯುತ್ತೆ, ಗುಂಯ್ ಕಳೆದುಹೋಗುತ್ತೆ. ಜಾಲರಿ ಇಲ್ಲಿ ಬರೀ ಕವಚ, ಸಿಗ್ನಲ್ಲಿನ ದಾರಿ ಅಲ್ಲ. ಮದುವೆ ಮಂಟಪದಲ್ಲಿ ಐವತ್ತು ಮೀಟರ್ ಮೈಕ್ ವೈರು ಎಳೆದ್ರೂ ಗುಂಯ್ ಅನ್ನದೇ ಇರೋದು ಇದರಿಂದಲೇ.

ಇದಕ್ಕೆ ಬೇಕಾಗಿರೋದು ಸೌಂಡ್ ಕಾರ್ಡ್ ಅಲ್ಲ, ಹೈಫೈ ಡ್ಯಾಕ್ ಕೂಡ ಅಲ್ಲ. ಹಾಡುವವರು ಮನೇಲಿ ರೆಕಾರ್ಡ್ ಮಾಡೋಕೆ ಬಳಸೋ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಬೆರಿಂಜರ್ ಯುಎಂಸಿ 202 ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಮೂರನೇ ತಲೆಮಾರಿನದು ಅಥವಾ ನಂತರದ್ದು, ಜೇಬು ದಪ್ಪ ಇದ್ರೆ ಮೋಟು ಎಂ 2. ಎಲ್ಲದರ ಹಿಂದೆಯೂ ಬ್ಯಾಲೆನ್ಸ್‌ಡ್ ಔಟ್ ಎರಡಿರುತ್ತೆ, ಮುಂದೆ ದೊಡ್ಡ ವಾಲ್ಯೂಮ್ ನಾಬ್ ಇರುತ್ತೆ. ಸ್ಪೀಕರ್ ಹಿಂದೆ ಕೈ ಹಾಕಿ ತಡಕಾಡೋದು ತಪ್ಪುತ್ತೆ. ಸ್ಕಾರ್ಲೆಟ್ ಸೋಲೋ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಹುಷಾರು, ಎರಡನೇ ತಲೆಮಾರಿನದರಲ್ಲಿ ಆರ್‌ಸಿಎ ಔಟ್ ಮಾತ್ರ.

ಸಾಧನಕೇರಿಯವ, ಧಾರವಾಡ

ಅದಕ್ಕ ಮೈಕಿನ ತೂತು ಇರ್ತಾವಲ್ರಿ. ಹಾಡು ಕೇಳೋರಿಗೆ ಮೈಕ್ ಯಾಕ? ಬ್ಯಾಡದ್ದಕ್ಕ ರೊಕ್ಕ ಕೊಡೋದು.

ಮಿಕ್ಸರ್ ಮೇಜು, ಬೆಂಗಳೂರು

7.1 ಕಾರ್ಡಲ್ಲೂ ಬೇಡದ ತೂತು ಇರುತ್ತಲ್ಲ ಸಾರ್. ಈ ಬೆಲೆಗೆ ಬ್ಯಾಲೆನ್ಸ್‌ಡ್ ಔಟ್ ಬೇಕಂದ್ರೆ ಇಂಟರ್‌ಫೇಸೇ ಗತಿ. ಟಾಪಿಂಗ್, ಎಸ್‌ಎಂಎಸ್‌ಎಲ್ ಇವರ ಡ್ಯಾಕುಗಳಲ್ಲಿ ಬ್ಯಾಲೆನ್ಸ್‌ಡ್ ಇರೋವು ಇದಾವೆ, ಆದ್ರೆ ಬೆಲೆ ಮೇಲಕ್ಕೆ ಹೋಗುತ್ತೆ.

ಒಂದು ಎಚ್ಚರಿಕೆ, ಇದನ್ನ ಮರೆಯೋ ಮೊದಲು ಹೇಳ್ತೀನಿ. ಹಸಿರು ಜ್ಯಾಕಿಂದ ಬರೋ ಸ್ಟೀರಿಯೋ ಪಿನ್ನಿಗೆ ಅಡಾಪ್ಟರ್ ಹಾಕಿ ಒಂದೇ ಸ್ಪೀಕರಿನ ಟಿಆರ್‌ಎಸ್ ಜ್ಯಾಕಿಗೆ ತುರುಕೋರು ಇದಾರೆ. ಪಿನ್ ನೋಡೋಕೆ ಒಂದೇ ತರ, ಮೂರು ಉಂಗುರ. ಆದ್ರೆ ಇಲ್ಲಿ ಅದು ಎಡ-ಬಲ, ಅಲ್ಲಿ ಅದು ಮೇಲು-ತಲೆಕೆಳಗು. ಸ್ಪೀಕರ್ ಎಡದಿಂದ ಬಲವನ್ನ ಕಳೆದುಬಿಡುತ್ತೆ. ಎರಡೂ ಕಡೆ ಸಮವಾಗಿರೋದೆಲ್ಲ ಮಾಯ, ಮೊದಲು ಹೋಗೋದು ಗಾಯಕರ ಧ್ವನಿ. ಒಬ್ಬರು ಪುಣ್ಯಾತ್ಮರು "ಸ್ಪೀಕರಲ್ಲಿ ಪಕ್ಕವಾದ್ಯ ಬರ್ತಿದೆ, ಹಾಡೋರೇ ಬರ್ತಿಲ್ಲ, ಸ್ಪೀಕರ್ ಡಿಫೆಕ್ಟ್" ಅಂತ ಅಂಗಡಿಗೆ ವಾಪಸ್ ಕೊಡೋಕೆ ಹೊರಟಿದ್ರು.

ಕಡಲ ಕಿವಿ, ಮಂಗಳೂರು

ಕರೋಕೆ ಸ್ಪೀಕರ್ ಅಂತ ಜಾಸ್ತಿ ಬೆಲೆಗೆ ಮಾರಬಹುದಿತ್ತು.

ಅಡಿಕೆ ಚಪ್ಪರ, ಶಿರಸಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಇನ್ವರ್ಟರ್ ಓಡುವುದೇ ಹೆಚ್ಚು. ಕರೆಂಟಿದ್ದಾಗ ಸ್ಪೀಕರ್ ಸುಮ್ಮನಿರುತ್ತದೆ, ಇನ್ವರ್ಟರಿಗೆ ಬಂದ ತಕ್ಷಣ ಝೇಂಕಾರ. ಇದೂ ಗ್ರೌಂಡ್ ಲೂಪೇನಾ?

ಬೆಸುಗೆ ಕಡ್ಡಿ, ತುಮಕೂರು

ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಕರೆಂಟ್ ಬರೋದು ನುಣುಪಾದ ಅಲೆಯಾಗಿ. ಅಗ್ಗದ ಇನ್ವರ್ಟರ್ ಕೊಡೋದು ಚೌಕ ಚೌಕವಾಗಿ, ಅದರಲ್ಲಿ 150, 250, 350 ಹರ್ಟ್ಸ್ ಎಲ್ಲ ತುಂಬಿರುತ್ತೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರೋ ಸ್ಪೀಕರ್ ಆದ್ರೆ ಆ ಟ್ರಾನ್ಸ್‌ಫಾರ್ಮರೇ ಝುಂಯ್ ಅಂತ ನಡುಗುತ್ತೆ, ಫ್ಯಾನ್ ಕೂಡ ಅದೇ ರಾಗ ಹಾಡ್ತಿರುತ್ತೆ ಗಮನಿಸಿ. ಡ್ಯಾಕ್, ಬ್ಯಾಲೆನ್ಸ್‌ಡ್ ಕೇಬಲ್ ಯಾವುದೂ ಇದಕ್ಕೆ ಆಗಲ್ಲ. ಬ್ಯಾಟರಿ ಬದಲಿಸೋ ಹೊತ್ತಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತಗೊಳ್ಳಿ. ಅಲ್ಲೀವರೆಗೆ ಮಳೆ ಸದ್ದೇ ಸಂಗೀತ.

ಫಿಲ್ಟರ್ ಕಾಫಿ, ಫ್ರಾಂಕ್‌ಫರ್ಟ್

ಚಿಪ್ಪಿನ ಹೆಸರು ನೋಡಿ ಕೊಳ್ಳುವವರಿಗೆ ಎರಡು ಮಾತು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕದಲ್ಲಿದ್ದ, ಡ್ಯಾಕ್ ಚಿಪ್ ಮಾಡುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಡ್ಯಾಕ್ ಮಾಡುವ ಕಂಪನಿಗಳು ಎಕೆಎಂ ಚಿಪ್ ಸಿಗದೆ ಇಎಸ್‌ಎಸ್ ಚಿಪ್ಪಿಗೆ ಬದಲಾದವು. ಅದಕ್ಕೂ ಮುಂಚೆ ವರ್ಷಗಟ್ಟಲೆ "ಎಕೆಎಂ ಮೃದು, ಇಎಸ್‌ಎಸ್ ಚುರುಕು" ಅಂತ ಜಗಳವಾಡುತ್ತಿದ್ದವರೇ ಹೊಸ ಡಬ್ಬಿಗಳನ್ನೂ ಹೊಗಳಿ ಕೊಂಡರು. ಚೆನ್ನಾಗಿ ಕಟ್ಟಿದ ಡ್ಯಾಕ್ ಆದರೆ ಚಿಪ್ ಯಾವುದಿದ್ದರೂ ಸ್ಪೀಕರಿನಲ್ಲಿ ಗುರುತಿಸುವುದು ಬಹಳ ಕಷ್ಟ.

ಲೆಕ್ಕ ನೋಡಿ. 16 ಬಿಟ್ ಸಿಡಿಯ ವ್ಯಾಪ್ತಿ ಸುಮಾರು 96 ಡೆಸಿಬೆಲ್. ಊರ ನಡುವಿನ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಹಿನ್ನೆಲೆಯ ಸದ್ದೇ 40 ಡೆಸಿಬೆಲ್ ಆಸುಪಾಸು ಇರುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರಾಗಿ, 95ರವರೆಗೆ ಹಾಕಿದರೂ ನಡುವೆ ಉಳಿಯುವುದು 55. ಡ್ಯಾಕ್ 110 ಕೊಟ್ಟರೇನು, 120 ಕೊಟ್ಟರೇನು?

ಇನ್ನು, ಹೋಲಿಸಿ ಕೇಳುವಾಗ ಎರಡರ ಸದ್ದು ಸಮ ಮಾಡಿಕೊಳ್ಳದಿದ್ದರೆ ಆ ಹೋಲಿಕೆಗೆ ಬೆಲೆಯೇ ಇಲ್ಲ. ಕೂದಲೆಳೆಯಷ್ಟು ಜೋರಾಗಿರುವುದು "ಹೆಚ್ಚು ಸ್ಪಷ್ಟ" ಅಂತಲೇ ಕೇಳಿಸುತ್ತದೆ. 100 ಹರ್ಟ್ಸ್‌ನ ಸೈನ್ ಟೋನ್ ನುಡಿಸಿ, ಎರಡೂ ಡ್ಯಾಕುಗಳ ಔಟ್‌ಪುಟ್ಟನ್ನು ಮಲ್ಟಿಮೀಟರಿನ ಎಸಿ ವೋಲ್ಟಿನಲ್ಲಿ ಅಳೆದು ಸರಿಹೊಂದಿಸಿ. ಆಮೇಲೆ ಯಾವುದು ಓಡುತ್ತಿದೆ ಎಂದು ತಿಳಿಯದ ಹಾಗೆ ಮನೆಯವರ ಕೈಲಿ ಬದಲಿಸಿ ಕೇಳಿ.

ಸಾಧನಕೇರಿಯವ, ಧಾರವಾಡ

ಮೀಟರ್ ಹಿಡಿದು ಸಂಗೀತ ಕೇಳೋದು ಜರ್ಮನಿಯವರ ಪದ್ಧತಿ ಇರಬೇಕ್ರಿ. ನಾ ಮನಸೂರ ಅವರ ಹಳೇ ಧ್ವನಿಮುದ್ರಣ ಕೇಳಿದಾಗ ನನ್ನ ಕಾರ್ಡಿನ್ಯಾಗ ಉಸಿರು ತಗೊಳ್ಳೋದೂ ಕೇಳತೈತಿ. ಆನ್‌ಬೋರ್ಡಿನ್ಯಾಗ ಅದು ಇಲ್ಲ.

ಹಳೆ ಕ್ಯಾಸೆಟ್, ಮೈಸೂರು

ಉಸಿರು ಕೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಆಕಾಶವಾಣಿ ಮುದ್ರಣಗಳು, 78 ಆರ್‌ಪಿಎಂ ತಟ್ಟೆಯಿಂದ ಬಂದವು, ಎಲ್ಲವೂ ಮೋನೋ. ಮೇಲಿನ ಸ್ವರಗಳು ಆ ಕಾಲದ ಮೈಕು, ಟೇಪು, ಮುಳ್ಳಿನಲ್ಲೇ ಕಳೆದುಹೋಗಿವೆ. ಅದರ ಮೇಲೆ ಟೇಪಿನ ಸುಯ್, ತಟ್ಟೆಯ ಚಿಟಪಟ. ನಾನು ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಹಳೆಯ ಮುದ್ರಣಗಳನ್ನು ಕೇಳುವವನು. ಅಲ್ಲಿ ಡ್ಯಾಕ್ ಬದಲಿಸಿದ್ದಕ್ಕಿಂತ, ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತಂದದ್ದು ಹೆಚ್ಚು ಕೆಲಸ ಮಾಡಿದೆ. ಹಳೆ ಮುದ್ರಣಕ್ಕೆ ಬೇಕಾದದ್ದು ಮಧ್ಯದ ಶ್ರೇಣಿ ಸರಿಯಾಗಿ ನುಡಿಯುವ ಸ್ಪೀಕರ್. ಸೌಂಡ್ ಕಾರ್ಡು ಆ ಸಾಲಿನಲ್ಲಿ ಕೊನೆಯದು.

ಸಾಧನಕೇರಿಯವ, ಧಾರವಾಡ

ಗ್ವಾಡಿಯಿಂದ ಮುಂದ ತರೋದು ನಾನೂ ಮಾಡೀನಿ, ಅದು ಖರೇ. ಆದ್ರ ನನ್ನ ಕಾರ್ಡಿಗೆ ಲಿನಕ್ಸಿನ್ಯಾಗ ಡ್ರೈವರ್ ಒಳಗ ಬಂದುಬಿಡತೈತಿ, ಇಷ್ಟು ವರ್ಷ ಆದ್ರೂ ಏನೂ ತ್ರಾಸ ಕೊಟ್ಟಿಲ್ಲ, ಹೆಡ್‌ಫೋನಿಗೂ ಛಲೋ ತಾಕತ್ ಐತಿ. ವಿಂಡೋಸ್‌ದಾಗ ಮಾತ್ರ ಯಾರೋ ಹವ್ಯಾಸಕ್ಕ ಮಾಡಿದ ಡ್ರೈವರ್ ಕೆಲವೊಮ್ಮೆ ಹಾಕ್ಕೋಬೇಕಾಗತೈತಿ. ಹೆಡ್‌ಫೋನ್ ಮಂದಿಗೆ ನಾ ಈಗೂ ಕಾರ್ಡನ್ನೇ ಹೇಳ್ತೀನಿ.

ಫಿಲ್ಟರ್ ಕಾಫಿ, ಫ್ರಾಂಕ್‌ಫರ್ಟ್

ಹೆಡ್‌ಫೋನ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಓಟು. ಎಸೆನ್ಸಿನ ಹೆಡ್‌ಫೋನ್ ಆಂಪ್ ನಿಜಕ್ಕೂ ಗಟ್ಟಿ. ಡ್ರೈವರಿನ ಗೋಳು ಬೇಡದವರಿಗೆ ಹೇಳುವುದಾದರೆ, 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ಯುಎಸ್‌ಬಿ ಡ್ಯಾಕುಗಳಿಗೆ ಬೇಕಾದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಡ್ರೈವರ್ ವಿಂಡೋಸಿನಲ್ಲೇ ಇದೆ. ಹೆಚ್ಚಿನ ಡ್ಯಾಕುಗಳು ಸಿಕ್ಕಿಸಿದ ಕೂಡಲೇ ನುಡಿಯುತ್ತವೆ.

ಮಿಕ್ಸರ್ ಮೇಜು, ಬೆಂಗಳೂರು

ಕೋಣೆಯ ಮಾತು ಬಂತಲ್ಲ, ಹಳೆ ಕ್ಯಾಸೆಟ್ ಅವರು ಬಾಗಿಲು ತೆಗೆದ್ರು, ನಾನು ಒಳಗೆ ಬರ್ತೀನಿ. ನಮ್ಮ ಮನೆಗಳ ಮಲಗೋ ಕೋಣೆ ಅಂದ್ರೆ ಹತ್ತು ಅಡಿಗೆ ಹನ್ನೆರಡು ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಚಪ್ಪಾಳೆ ತಟ್ಟಿ ನೋಡಿ, ಟಣಣ ಅಂತ ವಾಪಸ್ ಬರುತ್ತೆ. ಸ್ಪೀಕರಿಂದ ಬರೋ ಪ್ರತಿ ಅಕ್ಷರಕ್ಕೂ ಅದು ಆಗ್ತಿರುತ್ತೆ.

ಕೆಳಗಿನ ಸ್ವರಗಳದ್ದು ಇನ್ನೊಂದು ಕಥೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ ಆ ಕೋಣೆ ಯಾವ ಸ್ವರಕ್ಕೆ ಉಬ್ಬುತ್ತೆ ಅಂತ ಸಿಗುತ್ತೆ. ಹತ್ತು ಅಡಿಗೆ ಸುಮಾರು 56 ಹರ್ಟ್ಸ್, ಹನ್ನೆರಡು ಅಡಿಗೆ 47. ಅದರ ದುಪ್ಪಟ್ಟಾದ 112, 94ರಲ್ಲೂ ಉಬ್ಬುತ್ತೆ. ತಬಲಾದ ಎಡ ಕೆಲವು ಕಡೆ ಗುಮ್ಮೆಂದು ಕಿವಿಗೆ ಅಡರೋದು, ಕೆಲವು ಕಡೆ ಕಾಣೆಯಾಗೋದು ಇದರಿಂದ. ಕುರ್ಚಿಯನ್ನ ಅರ್ಧ ಅಡಿ ಆಚೀಚೆ ಸರಿಸಿದ್ರೂ ಬದಲಾಗುತ್ತೆ, ಸರಿಸಿ ನೋಡಿ.

ಸ್ಪೀಕರ್ ಮೂಲೆಗೆ ಒತ್ತಬೇಡಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸಮಭುಜ ತ್ರಿಕೋನ. ಟ್ವೀಟರ್ ಕಿವಿಯ ಎತ್ತರಕ್ಕೆ, ಮೇಜಿನ ಮೇಲಿದ್ರೆ ಕೆಳಗೆ ಎರಡು ದಪ್ಪ ಪುಸ್ತಕ ಇಡಿ, ಟ್ವೀಟರ್ ಎದೆಗೆ ಹಾಡ್ತಾ ಇದ್ರೆ ಏನು ಪ್ರಯೋಜನ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ. ಇದೆಲ್ಲ ಆದ ಮೇಲೂ ಉಬ್ಬು ಉಳಿದಿದ್ರೆ ವಿಂಡೋಸಿಗೆ ಈಕ್ವಲೈಜರ್ ಎಪಿಒ ಅಂತ ಉಚಿತ ತಂತ್ರಾಂಶ ಇದೆ, ಆ ಒಂದು ಸ್ವರದ ಹತ್ತಿರ ನಾಲ್ಕೈದು ಡೆಸಿಬೆಲ್ ಇಳಿಸಿ. ಕಾಣೆಯಾದ ಸ್ವರವನ್ನ ಏರಿಸೋಕೆ ಹೋಗಬೇಡಿ, ಪುಟ್ಟ ವೂಫರ್ ಸಾಯುತ್ತೆ. ಇದನ್ನ ಯಾವ ಸೌಂಡ್ ಕಾರ್ಡೂ ಮಾಡಿಕೊಡಲ್ಲ.

ಕಡಲ ಕಿವಿ, ಮಂಗಳೂರು

ವಿಂಡೋಸ್ ಸೆಟ್ಟಿಂಗ್ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ಸೌಂಡ್ ಸೆಟ್ಟಿಂಗಿಗೆ ಹೋಗಿ "ಎನ್‌ಹಾನ್ಸ್‌ಮೆಂಟ್ಸ್" ಎಲ್ಲ ಬಂದ್ ಮಾಡಿ, ಸ್ಪೇಷಿಯಲ್ ಸೌಂಡ್ ಕೂಡ ಬಂದ್. ಬೋರ್ಡಿನ ಜೊತೆ ಬರುವ ತಂತ್ರಾಂಶದಲ್ಲಿ "ಸ್ನಾನದ ಮನೆ", "ಸಭಾಂಗಣ" ಅಂತೆಲ್ಲ ಇರ್ತದೆ, ಯಾರಾದರೂ ಒತ್ತಿ ಬಿಟ್ಟಿದ್ದರೆ ಎಷ್ಟು ಸಾವಿರದ ಸ್ಪೀಕರ್ ಇದ್ದರೂ ಸ್ನಾನದ ಮನೆಯೇ. ವಿಂಡೋಸ್ ವಾಲ್ಯೂಮ್ ಮೇಲೆ ಇಟ್ಟು, ಕಡಿಮೆ ಜಾಸ್ತಿ ಸ್ಪೀಕರಿನ ನಾಬಿನಲ್ಲಿ ಮಾಡಿ.

ಕುಂದವಾಡ ದಂಡೆ, ದಾವಣಗೆರೆ

ಒಂದು ವಾರ ಬಿಟ್ಟು ಬರ್ತಿದೀನಿ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿದೆ. ಗುಂಯ್ ಬಹುಪಾಲು ಹೋಯ್ತು. ಚಿರ್ ಚಿರ್ ಮಾತ್ರ ಸಣ್ಣಗೆ ಉಳಿದಿದೆ, ಗೇಮ್ ಹಾಕಿದ್ರೆ ಗೊತ್ತಾಗುತ್ತೆ. ಕೈಪಿಡಿ ನೋಡಿದೆ, ಟಿಆರ್‌ಎಸ್ ಬ್ಯಾಲೆನ್ಸ್‌ಡ್ ಅಂತಲೇ ಬರೆದಿದೆ. ಇಲ್ಲೊಬ್ಬ ಗೆಳೆಯ ಯೂಟ್ಯೂಬಿಗೆ ಮಾತು ರೆಕಾರ್ಡ್ ಮಾಡ್ತಾನೆ, ಅವನ ಇಂಟರ್‌ಫೇಸ್ ಕೇಬಲ್ ಸಮೇತ ತಂದು ಹಾಕಿ ನೋಡಿದ್ವಿ. ಏನೂ ಇಲ್ಲ. ಗೇಮ್ ಓಡ್ತಿದ್ರೂ ಏನೂ ಇಲ್ಲ. ಹಾಡಿನ ಗುಣ ಹೆಚ್ಚಾಯ್ತಾ ಅಂದ್ರೆ, ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಹಸಿರು ಜ್ಯಾಕಿಗೂ ಅದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಡು ನಿಂತಾಗಿನ ನಿಶ್ಶಬ್ದಕ್ಕೆ ಅಷ್ಟು ಕೊಡಬಹುದು ಅನ್ನಿಸ್ತು.

ಎರಡು ಪ್ರಶ್ನೆ. ಐದಾರು ನೂರಕ್ಕೆ "ಗ್ರೌಂಡ್ ಲೂಪ್ ಐಸೋಲೇಟರ್" ಅಂತ ಸಣ್ಣ ಡಬ್ಬಿ ಸಿಗುತ್ತಲ್ಲ, ಅದೇ ಸಾಕಾಗಲ್ವಾ? ಮತ್ತೆ ಕೇಬಲ್ ಎಂಥದ್ದು ತಗೊಳ್ಳಲಿ?

ಬೆಸುಗೆ ಕಡ್ಡಿ, ತುಮಕೂರು

ಆ ಡಬ್ಬಿಯಲ್ಲಿರೋದು ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್. ಲೂಪ್ ಕಡಿಯುತ್ತೆ, ಚಿರ್ ಚಿರ್ ಹೋಗುತ್ತೆ. ಅಗ್ಗದವುಗಳಲ್ಲಿ ಕಬ್ಬಿಣದ ತಿರುಳು ಸಣ್ಣದಿರೋದ್ರಿಂದ ಜೋರು ಬೇಸ್ ಬಂದಾಗ ತುಂಬಿಹೋಗಿ ಒರಟಾಗುತ್ತೆ. ಭಾವಗೀತೆಗೆ ನಡೆಯುತ್ತೆ, ಸಿನಿಮಾಕ್ಕೆ ಸ್ವಲ್ಪ ಕೊರತೆ. ದುಡ್ಡು ಉಳಿಸಬೇಕಂದ್ರೆ ಮೊದಲು ಇದನ್ನೇ ಹಾಕಿ ನೋಡಿ, ತಪ್ಪಿಲ್ಲ. ನಿಮ್ಮ ಸ್ಪೀಕರಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದು ಬೋರ್ಡಲ್ಲಿ ಆಪ್ಟಿಕಲ್ ಔಟ್ ಇದ್ದಿದ್ರೆ ಇದ್ಯಾವುದೂ ಬೇಕಾಗ್ತಿರಲಿಲ್ಲ, ಅದು ಬೆಳಕಿನ ಕೇಬಲ್, ಗ್ರೌಂಡೇ ಇಲ್ಲ.

ಮಿಕ್ಸರ್ ಮೇಜು, ಬೆಂಗಳೂರು

ಕೇಬಲ್: ಎರಡೂ ತುದಿ ಕಾಲಿಂಚಿನ ಟಿಆರ್‌ಎಸ್, ಎರಡು ಬೇಕು. ಪಿನ್ನಲ್ಲಿ ಎರಡು ಕಪ್ಪು ಗೆರೆ ಇರಬೇಕು, ಒಂದೇ ಗೆರೆ ಇದ್ರೆ ಅದು ಗಿಟಾರ್ ಕೇಬಲ್, ಬ್ಯಾಲೆನ್ಸ್ ಸಿಗಲ್ಲ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಲ್ಲಿ ಪಿನ್ನು, ವೈರು ಬಿಡಿಬಿಡಿಯಾಗಿ ತಗೊಂಡು ಬೇಕಾದ ಅಳತೆಗೆ ಬೆಸೆಸಬಹುದು. ಚಿನ್ನದ ಲೇಪನ, ಆಮ್ಲಜನಕ ಇಲ್ಲದ ತಾಮ್ರ ಅಂತ ಹೇಳಿ ಸಾವಿರಾರು ಕೇಳಿದ್ರೆ ಮುಂದಿನ ಅಂಗಡಿಗೆ ಹೋಗಿ.

ಅಡಿಕೆ ಚಪ್ಪರ, ಶಿರಸಿ

ನನ್ನದು ಅಪ್ಪನ ಕಾಲದ ದೊಡ್ಡ ಮರದ ಪೆಟ್ಟಿಗೆಯ ಸ್ಪೀಕರು, ಪವರ್ಡ್ ಅಲ್ಲ, ಹಿಂದೆ ಕೆಂಪು-ಕಪ್ಪು ಎರಡು ತಿರುಪು ಮಾತ್ರ. ಇದಕ್ಕೆ ಇಂಟರ್‌ಫೇಸಿನಿಂದ ನೇರ ಕೊಡಬಹುದಾ?

ಬೆಸುಗೆ ಕಡ್ಡಿ, ತುಮಕೂರು

ಆಗಲ್ಲ. ಇಂಟರ್‌ಫೇಸ್, ಡ್ಯಾಕ್, ಸೌಂಡ್ ಕಾರ್ಡ್ ಯಾವುದೂ ಅಂಥ ಸ್ಪೀಕರನ್ನ ಓಡಿಸಲ್ಲ, ನಡುವೆ ಆಂಪ್ಲಿಫೈಯರ್ ಬೇಕು. ಟಿಪಿಎ 3116 ಅಥವಾ 3255 ಚಿಪ್ಪಿನ ಸಣ್ಣ ಕ್ಲಾಸ್-ಡಿ ಆಂಪ್ ಸಿಗುತ್ತೆ, ಅಂಗೈ ಅಗಲ ಇರುತ್ತೆ, ಅದಕ್ಕೆ ನಿಮ್ಮ ಹಸಿರು ಜ್ಯಾಕಿಂದಲೇ ಕೊಡಿ. ಸ್ಪೀಕರ್ ಹಿಂದೆ ಎಷ್ಟು ಓಮ್ ಅಂತ ಬರೆದಿದೆ ನೋಡಿ ಹೇಳಿ. ಹಳೆ ಪೆಟ್ಟಿಗೆ ಅಂದ್ರಲ್ಲ, ಮುಂದಿನ ಜಾಲರಿ ತೆಗೆದು ಕೋನಿನ ಅಂಚಿನ ಫೋಮ್ ಪುಡಿಯಾಗಿದೆಯಾ ಅದನ್ನೂ ನೋಡಿ. ಪುಡಿಯಾಗಿದ್ರೆ ಆಂಪ್ ತಗೊಳ್ಳೋಕೆ ಮುಂಚೆ ಅದನ್ನ ಕಟ್ಟಿಸಬೇಕು.